ವಿಚ್ಛೇದನದ ಕಾನೂನು ಮತ್ತು ಸಂಸಾರದ ತೀರ್ಮಾನಗಳು



ತಾಯಿಯ ನೆನಪಿಗಾಗಿ ಮಕ್ಕಳು ಇಟ್ಟ ದತ್ತಿಯಲ್ಲಿ ಮಾತನಾಡುವ ಗೌರವ ನನಗೆ ಸಿಕ್ಕಿದೆ. ಸಂಘಟಕರಿಗೆ ಕೃತಜ್ಞಳಾಗಿದ್ದೇನೆ. ವಿಷಯದ ಆಯ್ಕೆಯನ್ನು ಅವರು ನನಗೇ ಬಿಟ್ಟರು. ಕುಟುಂಬ ನ್ಯಾಯಾಲಯಗಳಲ್ಲಿ ವಕೀಲಿ ಮಾಡಿಕೊಂಡು ಬಂದವಳು ನಾನು. ಆ ವೃತ್ತಿ ನನ್ನಲ್ಲಿ ಹುಟ್ಟಿಸಿದ ಪ್ರಶ್ನೆಯನ್ನೇ ಇವತ್ತು ತಮ್ಮ ಮುಂದಿಡುತ್ತೇನೆ.

ವಿಚ್ಛೇದನದ ಕಾನೂನು ಯಾರಿಗಾಗಿ ಇದೆ? ಗಂಡ ಹೆಂಡತಿ ಬೇರೆಯಾಗುವಾಗ ಮಾತ್ರ ಅದು ಬೇಕಾಗುತ್ತದೆ, ಚೆನ್ನಾಗಿ ಬಾಳುವವರಿಗೆ ಅದರ ಗೊಡವೆ ಇಲ್ಲ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ನಾನು ಕಂಡದ್ದು ಬೇರೆ. ಮಗು ಹುಟ್ಟಿದ ಮೇಲೆ ಇಬ್ಬರಲ್ಲಿ ಯಾರು ಕೆಲಸ ಬಿಡಬೇಕು, ಸೈಟು ಯಾರ ಹೆಸರಿಗೆ ರಿಜಿಸ್ಟರ್ ಆಗಬೇಕು, ಒಡವೆ ಅಡವಿಟ್ಟು ಕೊಳವೆಬಾವಿ ಕೊರೆಸಬಹುದೇ, ತವರಿನ ಆಸ್ತಿಯಲ್ಲಿ ಪಾಲು ಕೇಳಬೇಕೇ ಬಿಟ್ಟುಕೊಡಬೇಕೇ, ಇನ್ನೊಂದು ಮಗು ಬೇಕೇ ಬೇಡವೇ: ಇವೆಲ್ಲ ಊಟದ ಹೊತ್ತಿನಲ್ಲೋ ಮಕ್ಕಳು ಮಲಗಿದ ಮೇಲೋ ಆಗುವ ತೀರ್ಮಾನಗಳು. ಆ ಮನೆಗಳಲ್ಲಿ ಯಾರೂ ಕೋರ್ಟಿನ ಹೆಸರು ಎತ್ತಿರುವುದಿಲ್ಲ. ಆದರೂ ‘ಒಂದು ವೇಳೆ ಈ ಸಂಸಾರ ಮುರಿದರೆ ನನ್ನ ಗತಿ ಏನು?’ ಎಂಬ ಪ್ರಶ್ನೆಗೆ ಕಾನೂನು ಕೊಡುವ ಉತ್ತರ, ಯಾರ ಮಾತಿಗೆ ಎಷ್ಟು ತೂಕ ಎಂಬುದನ್ನು ಮೊದಲೇ ನಿರ್ಧರಿಸಿಬಿಟ್ಟಿರುತ್ತದೆ. ನಮ್ಮ ಕಾನೂನಿನಲ್ಲಿ ಬೇರ್ಪಡುವ ಬೆಲೆ ಇಬ್ಬರ ಮೇಲೂ ಸಮನಾಗಿ ಬೀಳುವುದಿಲ್ಲ. ಹಾಗಾಗಿ ಕೂಡಿ ಬಾಳುವ ತೀರ್ಮಾನಗಳೂ ಸಮನಾಗಿ ಆಗುತ್ತಿಲ್ಲ. ನನ್ನ ವಾದ ಇಷ್ಟೇ.

1. ಮಾತುಕತೆಯ ಹಿಂದೆ ನಿಂತ ಕಾನೂನು

1979ರಲ್ಲಿ ರಾಬರ್ಟ್ ಮ್ನೂಕಿನ್ ಮತ್ತು ಲೂಯಿಸ್ ಕಾರ್ನ್‌ಹೌಸರ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಯೇಲ್ ಲಾ ಜರ್ನಲ್‌ನಲ್ಲಿ ಒಂದು ಲೇಖನ ಬರೆದರು. ವಿಚ್ಛೇದನಕ್ಕೆ ಹೊರಟವರಲ್ಲಿ ಬಹುಪಾಲು ಜನ ನ್ಯಾಯಾಧೀಶರ ತೀರ್ಪಿನವರೆಗೆ ಹೋಗದೆ ತಮ್ಮತಮ್ಮಲ್ಲೇ ರಾಜಿಯಾಗುತ್ತಾರೆ. ಆದರೆ ಕೋರ್ಟಿಗೆ ಹೋದರೆ ಏನು ಸಿಕ್ಕೀತು ಎಂಬ ಲೆಕ್ಕವನ್ನು ಇಬ್ಬರೂ ಮನಸ್ಸಿನಲ್ಲಿಟ್ಟುಕೊಂಡೇ ರಾಜಿಗೆ ಕೂರುತ್ತಾರೆ ಎಂಬುದು ಅವರ ವಾದ. ಅದೇ ಕಾಲದಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ದಾಂಪತ್ಯದ ಒಳಕ್ಕೂ ತಂದರು. ಅಲ್ಲಿಯವರೆಗೆ ಕುಟುಂಬ ಎಂದರೆ ಒಂದೇ ಮನಸ್ಸಿನ ಒಂದು ಘಟಕ ಎಂದು ಭಾವಿಸುವ ರೂಢಿಯಿತ್ತು. ಗಂಡ ಹೆಂಡತಿ ಇಬ್ಬರು ಬೇರೆಬೇರೆ ವ್ಯಕ್ತಿಗಳು, ಅವರ ನಡುವೆ ಪ್ರೀತಿಯೂ ಇದೆ, ಚೌಕಾಸಿಯೂ ಇದೆ ಎಂದು ಒಪ್ಪಿಕೊಂಡು ಅಧ್ಯಯನಗಳು ಹೊರಟದ್ದು ಆಗಿನಿಂದ.

ನಮ್ಮವರೇ ಆದ ಅಮರ್ತ್ಯ ಸೇನ್ 1990ರಲ್ಲಿ ಈ ಚರ್ಚೆಗೆ ಮುಖ್ಯವಾದ ಮಾತೊಂದನ್ನು ಸೇರಿಸಿದರು. ಸಂಸಾರದಲ್ಲಿ ಸಹಕಾರ, ಸಂಘರ್ಷ ಎರಡೂ ಒಟ್ಟಿಗೇ ಇರುತ್ತವೆ. ಸಹಕಾರ ಮುರಿದುಬಿದ್ದಾಗ ಯಾರ ಸ್ಥಿತಿ ಹೆಚ್ಚು ಹೀನವಾಗುತ್ತದೋ, ಸಹಕಾರ ಇರುವಾಗಲೂ ಅವರ ಮಾತೇ ಸೋಲುತ್ತದೆ ಎಂದರು ಅವರು. ತನ್ನ ದುಡಿಮೆಗೆ ಬೆಲೆಯಿದೆ ಎಂದು ಸ್ವತಃ ಆಕೆಯೇ ನಂಬದಿದ್ದರೆ ಆ ಸೋಲು ಇನ್ನೂ ಆಳವಾಗುತ್ತದೆ ಎಂದೂ ತೋರಿಸಿಕೊಟ್ಟರು. ನಮ್ಮ ಹೆಣ್ಣುಮಕ್ಕಳು ಇದನ್ನು ಬಲ್ಲರು. ‘ಕೈಯಲ್ಲಿ ನಾಲ್ಕು ಕಾಸಿನ ಕೆಲಸ ಇರಲಿ ಕಣವ್ವ’ ಎಂದು ಮದುವೆಯಾಗುವ ಮಗಳಿಗೆ ತಾಯಿ ಹೇಳುವಾಗ ಆಕೆ ಕೆಡುಕನ್ನು ಬಯಸುತ್ತಿರುವುದಿಲ್ಲ. ಕೆಟ್ಟ ಕಾಲ ಬಂದರೂ ಮಗಳು ನಿಲ್ಲಲಿ ಎಂದು ಬಯಸುತ್ತಿರುತ್ತಾಳೆ. ಒಳ್ಳೆಯ ಕಾಲದಲ್ಲೂ ಆ ಕೆಲಸ ಮಗಳ ಮಾತಿಗೆ ಬಲ ಕೊಡುತ್ತದೆ ಎಂಬುದೂ ಆಕೆಗೆ ಗೊತ್ತು.

2. ಕ್ಯಾಲಿಫೋರ್ನಿಯದಿಂದ ಬಂದ ಪಾಠ

ಕಾನೂನು ಬದಲಾದರೆ ಮನೆಯೊಳಗಿನ ತೀರ್ಮಾನಗಳು ನಿಜವಾಗಿಯೂ ಬದಲಾಗುತ್ತವೆಯೇ? ಇದನ್ನು ಅಳೆದು ನೋಡುವ ಅವಕಾಶ ಅಮೆರಿಕದಲ್ಲಿ ತಾನಾಗಿ ಒದಗಿಬಂತು. ಕ್ಯಾಲಿಫೋರ್ನಿಯದ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ 1969ರಲ್ಲಿ ಹೊಸ ಕುಟುಂಬ ಕಾಯ್ದೆಗೆ ಸಹಿ ಹಾಕಿದರು. 1970ರ ಜನವರಿ 1ರಿಂದ ಅದು ಜಾರಿಗೆ ಬಂತು. ಸಂಗಾತಿಯ ಮೇಲೆ ಆಪಾದನೆ ಹೊರಿಸಿ ಸಾಬೀತು ಮಾಡುವ ಅಗತ್ಯ ಹೋಯಿತು, ಒಬ್ಬರು ಬೇಡವೆಂದರೂ ವಿಚ್ಛೇದನ ಸಾಧ್ಯವಾಯಿತು. ಮುಂದಿನ ವರ್ಷಗಳಲ್ಲಿ ಇತರ ರಾಜ್ಯಗಳು ಒಂದೊಂದಾಗಿ ಅದೇ ದಾರಿ ಹಿಡಿದವು. ನ್ಯೂಯಾರ್ಕ್ 2010ರಲ್ಲಿ ಕೊನೆಯದಾಗಿ ಸೇರಿತು. ಕಾಯ್ದೆ ಬೇರೆಬೇರೆ ರಾಜ್ಯಗಳಿಗೆ ಬೇರೆಬೇರೆ ವರ್ಷ ಬಂದದ್ದರಿಂದ ಮೊದಲು ಹೇಗಿತ್ತು, ಆಮೇಲೆ ಏನಾಯಿತು ಎಂದು ಹೋಲಿಸಿ ನೋಡಲು ಸಂಶೋಧಕರಿಗೆ ಸಾಧ್ಯವಾಯಿತು.

ಸಂಸಾರಗಳೆಲ್ಲ ಒಡೆದುಹೋಗುತ್ತವೆ ಎಂಬ ಭಯ ಅಲ್ಲೂ ಇತ್ತು. ವಿಚ್ಛೇದನದ ಪ್ರಮಾಣ ಮೊದಲಿಗೆ ಏರಿದ್ದು ನಿಜ. ಆದರೆ ಸುಮಾರು ಒಂದು ದಶಕದೊಳಗೆ ಆ ಏರಿಕೆ ಕರಗಿಹೋಯಿತು ಎಂದು ಜಸ್ಟಿನ್ ವುಲ್ಫರ್ಸ್ 2006ರಲ್ಲಿ ತೋರಿಸಿದರು. ಅದೇ ವರ್ಷ ಅವರೂ ಬೆಟ್ಸಿ ಸ್ಟೀವನ್‌ಸನ್ ಅವರೂ ಪ್ರಕಟಿಸಿದ ಇನ್ನೊಂದು ಅಧ್ಯಯನದ ಫಲಿತಾಂಶ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಹೊಸ ಕಾಯ್ದೆ ಬಂದ ರಾಜ್ಯಗಳಲ್ಲಿ ಹೆಂಗಸರ ಆತ್ಮಹತ್ಯೆಯ ಪ್ರಮಾಣ ದೀರ್ಘಾವಧಿಯಲ್ಲಿ ಶೇ. 8ರಿಂದ 16ರಷ್ಟು ಇಳಿಯಿತು. ಮನೆಯೊಳಗಿನ ಹಿಂಸೆ ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಬಿಟ್ಟುಹೋದವರು ಹಿಂಸೆಯಿಂದ ಪಾರಾದದ್ದರಿಂದ ಮಾತ್ರ ಇಂಥ ಇಳಿಕೆ ಬರುವುದಿಲ್ಲ. ಬಿಟ್ಟುಹೋಗಬಲ್ಲಳು ಎಂಬ ಅರಿವಿನಿಂದ ಎಷ್ಟೋ ಮನೆಗಳಲ್ಲಿ ಎತ್ತಿದ ಕೈ ಕೆಳಗಿಳಿದಿರಬೇಕು. ಬಾಗಿಲು ದಾಟದವರನ್ನೂ ಆ ಕಾನೂನು ಕಾಪಾಡಿತು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ತಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹೊಸದಾಗಿ ಮದುವೆಯಾದವರನ್ನು ನೋಡಿ ಸ್ಟೀವನ್‌ಸನ್ 2007ರಲ್ಲಿ ಇನ್ನೊಂದು ಮುಖ ತೋರಿಸಿದರು. ವಿಚ್ಛೇದನ ಸುಲಭವಾದ ರಾಜ್ಯಗಳಲ್ಲಿ ಒಬ್ಬರು ದುಡಿದು ಇನ್ನೊಬ್ಬರನ್ನು ಓದಿಸುವ ದಂಪತಿಗಳು ಕಡಿಮೆಯಾದರು. ಮದುವೆಯಾದ ಹೊಸತರಲ್ಲೇ ಮಗು ಪಡೆಯುವವರು ಕಡಿಮೆಯಾದರು. ಹೊರಗೆ ದುಡಿಯುವ ಹೆಂಡತಿಯರು ಹೆಚ್ಚಿದರು. ಸಂಗಾತಿಯ ಓದಿಗೆ ಹಾಕಿದ ದುಡ್ಡು, ಮಗುವಿಗಾಗಿ ಬಿಟ್ಟ ಕೆಲಸ, ಇವೆಲ್ಲ ಮದುವೆ ಉಳಿದರೆ ಮಾತ್ರ ಫಲ ಕೊಡುವಂಥವು. ಉಳಿಯುತ್ತದೆಂಬ ಭರವಸೆ ಕಡಿಮೆಯಾದಾಗ ಜನ ಅವುಗಳ ಮೇಲೆ ಕಡಿಮೆ ಹೂಡುತ್ತಾರೆ.

ಹಾಗಾದರೆ ಬಾಗಿಲು ತೆರೆಯುವುದೇ ತಪ್ಪೇ? ಇದಕ್ಕೆ ಉತ್ತರ ಅಲೆಸಾಂಡ್ರಾ ವೊಯೆನಾ ಅವರ 2015ರ ಅಧ್ಯಯನದಲ್ಲಿದೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಆಸ್ತಿಯ ಕಾನೂನು ಒಂದೇ ಇರಲಿಲ್ಲ. ಕ್ಯಾಲಿಫೋರ್ನಿಯದಂಥ ಕಡೆ ಮದುವೆಯ ನಂತರ ಸಂಪಾದಿಸಿದ ಆಸ್ತಿ ಇಬ್ಬರಿಗೂ ಸೇರಿದ್ದು, ಬೇರೆಯಾದರೆ ಅರ್ಧರ್ಧ. ಅಂಥ ರಾಜ್ಯಗಳಲ್ಲಿ ವಿಚ್ಛೇದನ ಸುಲಭವಾದ ಮೇಲೆ ದಂಪತಿಗಳ ಉಳಿತಾಯ ಹೆಚ್ಚಿತು, ಹೆಂಡತಿಯರ ಹೊರಗಿನ ದುಡಿಮೆ ಕಡಿಮೆಯಾಯಿತು. ಹೆಂಗಸರು ದುಡಿಮೆ ಬಿಡಲಿ ಎಂಬುದು ಇದರ ಅರ್ಥವಲ್ಲ. ಅರ್ಧ ತನ್ನದೆಂಬ ಖಾತರಿ ಇದ್ದವಳಿಗೆ ದುಡಿಯುವುದು, ಬಿಡುವುದು ಎರಡೂ ಭಯವಿಲ್ಲದೆ ಮಾಡುವ ಆಯ್ಕೆಯಾಗುತ್ತದೆ. ಒಟ್ಟು ಪಾಠ ಇದು: ಬಾಗಿಲು ತೆರೆದರಷ್ಟೇ ಸಾಲದು, ಬರಿಗೈಯಲ್ಲಿ ಯಾರೂ ಹೊರಗೆ ಬರುವಂತಾಗಬಾರದು. ನಿರ್ಗಮನದ ಹಕ್ಕು, ಪಾಲಿನ ಹಕ್ಕು ಜೊತೆಯಾಗಿ ಬರಬೇಕು.

3. ಕನ್ನಡ ನಾಡಿನ ಹಳೆಯ ಲೆಕ್ಕಗಳು

ಬೇರೆಯಾಗುವುದೇ ನಮ್ಮ ಸಂಸ್ಕೃತಿಯಲ್ಲಿ ಇರಲಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅದು ಕೆಲವೇ ಜಾತಿಗಳ ಮಟ್ಟಿಗೆ ನಿಜ. ಅನೇಕ ಸಮುದಾಯಗಳಲ್ಲಿ ಪಂಚರ ಮುಂದೆ ಸಂಬಂಧ ಬಿಡಿಸಿಕೊಳ್ಳುವ ಪದ್ಧತಿಯಿತ್ತು. ಉತ್ತರ ಕರ್ನಾಟಕದಲ್ಲಿ ಸೋಡಚೀಟಿ ಬರೆದುಕೊಡುತ್ತಿದ್ದರು. ಕೂಡಿಕೆ, ಉಡಿಕೆ, ಸೀರುಡಿಕೆ ಎಂಬ ಹೆಸರುಗಳಲ್ಲಿ ಮರುಮದುವೆಗಳು ನಡೆಯುತ್ತಿದ್ದವು. 1955ರ ಹಿಂದೂ ವಿವಾಹ ಕಾಯ್ದೆಯ 29ನೆಯ ಕಲಂ ಇಂಥ ರೂಢಿಯ ವಿಚ್ಛೇದನವನ್ನು ಇವತ್ತಿಗೂ ಉಳಿಸಿಕೊಂಡಿದೆ. ಆ ಪದ್ಧತಿಗಳಲ್ಲೂ ಬೆಲೆಯ ಪ್ರಶ್ನೆ ಇದ್ದೇ ಇತ್ತು. ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತಂದಿದ್ದರೆ, ಆಕೆ ಬಿಟ್ಟುಹೋಗುವಾಗ ಆ ತೆರವನ್ನು ಯಾರು ಹಿಂದಿರುಗಿಸಬೇಕು ಎಂಬುದೇ ಪಂಚಾಯಿತಿಯ ಮುಖ್ಯ ಚರ್ಚೆಯಾಗುತ್ತಿತ್ತು. ತೆರ ಹಿಂದಿರುಗಿಸಲಾರದ ತಂದೆಯ ಮಗಳು ಸಹಿಸಿಕೊಂಡೇ ಇರಬೇಕಾಗುತ್ತಿತ್ತು.

ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಲೆಕ್ಕವೇ ಬೇರೆ. ಬಂಟರು, ಬಿಲ್ಲವರು ಮೊದಲಾದವರಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿತ್ತು. ಮಕ್ಕಳು ತಾಯಿಯ ಕುಟುಂಬಕ್ಕೇ ಸೇರಿದವರು. ಗಂಡನೊಂದಿಗೆ ಹೊಂದಿಕೆಯಾಗದ ಹೆಣ್ಣು ತನ್ನ ಮಕ್ಕಳೊಡನೆ ಹುಟ್ಟಿದ ಮನೆಗೆ ಮರಳಿದರೆ, ಅಲ್ಲಿ ಆಕೆ ಯಾರ ಹಂಗಿನಲ್ಲೂ ಇರುತ್ತಿರಲಿಲ್ಲ, ಇರುವುದು ಆಕೆಯ ಹಕ್ಕಾಗಿತ್ತು. ಆಡಳಿತ ಬಹುಮಟ್ಟಿಗೆ ಗಂಡಸು ಯಜಮಾನನ ಕೈಯಲ್ಲೇ ಇತ್ತು ಎಂಬುದನ್ನು ಮರೆಯಬಾರದು. ಆದರೂ ಬೇರ್ಪಡುವ ಬೆಲೆ ಅಲ್ಲಿ ಕಡಿಮೆ, ಆದ್ದರಿಂದ ಹೆಣ್ಣಿನ ಮಾತಿಗೆ ಮನೆಯಲ್ಲಿ ಸ್ಥಾನವಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡಿಗರ ಮೇಲೆ ಮೂರು ದಿಕ್ಕಿನಿಂದ ಮೂರು ಕಾನೂನು ಬಂದವು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು, ಆ ಕಾಲಕ್ಕೆ ದೇಶದಲ್ಲೇ ಮುಂದುವರಿದ ಹೆಜ್ಜೆಯಿಟ್ಟಿತು. ಆಸ್ತಿಯ ಹಕ್ಕನ್ನು ವಿಸ್ತರಿಸಿತು, ಆದರೆ ವಿಚ್ಛೇದನ ಕೊಡಲಿಲ್ಲ. ಮುಂಬಯಿ ಪ್ರಾಂತ 1947ರಲ್ಲಿ ಹಿಂದೂ ವಿಚ್ಛೇದನ ಕಾಯ್ದೆ ಮಾಡಿತು, ಅದು ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯವರಿಗೆ ಅನ್ವಯಿಸಿತು. ಮದರಾಸು 1949ರಲ್ಲಿ ಅಂಥದೇ ಕಾಯ್ದೆ ಮಾಡಿ ಮಂಗಳೂರು, ಬಳ್ಳಾರಿಗಳನ್ನು ಒಳಗೊಂಡಿತು. ಒಂದೇ ಭಾಷೆ ಆಡುವ ಹೆಣ್ಣು ಹುಬ್ಬಳ್ಳಿಯಲ್ಲಿದ್ದರೆ ಬಿಡುಗಡೆ ಕೇಳಬಹುದಿತ್ತು, ದಾವಣಗೆರೆಯಲ್ಲಿದ್ದರೆ 1955ರವರೆಗೆ ಕಾಯಬೇಕಿತ್ತು.

4. ಕಂತಿಗೆ ರಸೀದಿ ಇದೆ, ರೇಷನ್ನಿಗೆ ಇಲ್ಲ

ಇವತ್ತಿನ ಕಾನೂನು ಹೇಗಿದೆ? ಗಂಡನಾಗಲಿ ಹೆಂಡತಿಯಾಗಲಿ ಜೀವನಾಂಶ ಕೇಳಲು ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶವಿದೆ. ಎಲ್ಲ ಧರ್ಮದವರಿಗೂ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ಮೂರೂ ಬೇಕಾದವೇ. ಆದರೆ ಮೂರರಲ್ಲೂ ಒಂದು ಕೊರತೆ ಇದೆ. ಜೀವನಾಂಶ ಆಕೆಯ ಅಗತ್ಯವನ್ನು ನೋಡಿ ಕೊಡುವುದು, ವಾಸದ ಹಕ್ಕು ಆಸರೆಗಾಗಿ ಕೊಡುವುದು. ಇಬ್ಬರೂ ಸೇರಿ ಕಟ್ಟಿದ್ದರಲ್ಲಿ ಇಬ್ಬರಿಗೂ ಪಾಲಿದೆ ಎಂದು ಕರ್ನಾಟಕದಲ್ಲಿ ಅನ್ವಯಿಸುವ ಯಾವ ಕಾಯ್ದೆಯೂ ನೇರವಾಗಿ ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೆಯ ಕಲಮೂ ಮದುವೆಯ ಹೊತ್ತಿನಲ್ಲಿ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳ ಬಗ್ಗೆ ಮಾತ್ರ ಮಾತಾಡುತ್ತದೆ. ಮದುವೆಯ ನಂತರ ಗಳಿಸಿದ್ದು ಯಾರ ಹೆಸರಲ್ಲಿದೆಯೋ ಅವರದೇ.

ಇದರ ಪರಿಣಾಮವನ್ನು ಒಂದು ಪ್ರಕರಣದಿಂದ ಹೇಳುತ್ತೇನೆ. ಗುರುತು ಸಿಗದಂತೆ ಊರು ಹೆಸರು ಬಿಟ್ಟಿದ್ದೇನೆ. ಆಕೆ ಖಾಸಗಿ ಶಾಲೆಯ ಶಿಕ್ಷಕಿ, ಆತ ಕಂಪನಿಯೊಂದರಲ್ಲಿ ನೌಕರ. ಮದುವೆಯಾದ ಹೊಸತರಲ್ಲಿ ಮನೆ ಕಟ್ಟಿಸಲು ಹೊರಟರು. ‘ಬ್ಯಾಂಕಿನವರು ನನ್ನ ಸಂಬಳ ನೋಡಿ ಸಾಲ ಕೊಡ್ತಾರೆ, ಮನೆ ನನ್ನ ಹೆಸರಲ್ಲೇ ಇರಲಿ. ನಿನ್ನ ಸಂಬಳದಲ್ಲಿ ಮನೆ ಖರ್ಚು ನಡೀಲಿ’ ಎಂದ ಆತ. ‘ಆಯ್ತು ರೀ’ ಎಂದಳು ಆಕೆ. ಇಬ್ಬರಲ್ಲೂ ಕಪಟವಿರಲಿಲ್ಲ, ಆ ಹೊತ್ತಿಗೆ ಅದು ಅನುಕೂಲದ ಏರ್ಪಾಡು. ವರ್ಷಗಳು ಕಳೆದವು, ಸಂಬಂಧ ಕೆಟ್ಟಿತು, ಇಬ್ಬರೂ ಕೋರ್ಟಿಗೆ ಬಂದರು. 2020ರ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿದ ನಮೂನೆಯಂತೆ ಇಬ್ಬರೂ ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಆತನ ಕಡೆ ಸೇಲ್ ಡೀಡ್, ಖಾತೆ, ಬ್ಯಾಂಕಿನ ಕಂತಿನ ವಿವರ ಎಲ್ಲ ಇದ್ದವು. ಆಕೆಯ ಪ್ರಮಾಣಪತ್ರದಲ್ಲಿ ಸ್ಥಿರಾಸ್ತಿಯ ಕಾಲಮಿನಲ್ಲಿ ನಾನೇ ‘ಇಲ್ಲ’ ಎಂದು ಬರೆಸಬೇಕಾಯಿತು.

ಆಕೆ ತನ್ನ ಚೀಲದಿಂದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಹಾಲು, ಗ್ಯಾಸ್ ಸಿಲಿಂಡರ್, ಅತ್ತೆಯ ಬಿಪಿ ಮಾತ್ರೆ, ಮಗಳ ಟ್ಯೂಷನ್ ಫೀಸು, ಗೌರಿ ಹಬ್ಬಕ್ಕೆ ನಾದಿನಿಯ ಸೀರೆ, ಮನೆಯ ಗೃಹಪ್ರವೇಶದ ಅಡುಗೆಯವರಿಗೆ ಕೊಟ್ಟ ಮುಂಗಡ ಎಲ್ಲ ಅಚ್ಚುಕಟ್ಟಾದ ಮೇಷ್ಟ್ರ ಅಕ್ಷರದಲ್ಲಿತ್ತು. ‘ಮೇಡಂ, ನಾನು ಇದೆಲ್ಲ ಮಾಡದಿದ್ರೆ ಅವರು ಕಂತು ಹೇಗೆ ಕಟ್ತಿದ್ರು?’ ಎಂದು ಕೇಳಿದಳು. ಜೀವನಾಂಶ ನಿರ್ಧರಿಸುವಾಗ ನ್ಯಾಯಾಲಯ ಆ ಪುಸ್ತಕವನ್ನು ಗಮನಕ್ಕೆ ತಂದುಕೊಳ್ಳಬಹುದು. ಮನೆಯ ಒಡೆತನದ ಪ್ರಶ್ನೆ ಬಂದಾಗ ಅದಕ್ಕೆ ಬೆಲೆಯಿಲ್ಲ. ಗಂಡನ ದುಡ್ಡು ಗೋಡೆಯಾಗಿ ನಿಂತಿತು, ಹೆಂಡತಿಯ ದುಡ್ಡು ಊಟವಾಗಿ ಕರಗಿತು.

ಆಕೆ ಸಂಬಳ ತರುತ್ತಿದ್ದವಳು. ಸಂಬಳವಿಲ್ಲದ ಗೃಹಿಣಿಯ ಪಾಡು ಇನ್ನೂ ಕಷ್ಟ. ರೈತ ಕುಟುಂಬದಲ್ಲಂತೂ ನಾಟಿ, ಕಳೆ, ಕೊಯ್ಲು, ದನದ ಚಾಕರಿ ಎಲ್ಲ ಮಾಡಿದವಳ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಜಮೀನು ಮಾವನ ಹೆಸರಲ್ಲೇ ಇದ್ದರೆ ಗಂಡನೂ ‘ನನಗೆ ಆಸ್ತಿ ಇಲ್ಲ’ ಎಂದು ಬರೆದುಕೊಡುತ್ತಾನೆ. ಆಕೆಯ ಬಳೆ, ಸರ ಅಡವಿಟ್ಟು ಕೊರೆಸಿದ ಕೊಳವೆಬಾವಿ ಆ ಜಮೀನಿಗೆ ಸೇರಿಹೋಗಿರುತ್ತದೆ. ಸ್ತ್ರೀಧನ ಹೆಣ್ಣಿನದೇ ಎಂದು 1985ರ ಪ್ರತಿಭಾ ರಾಣಿ ಪ್ರಕರಣದಿಂದ 2024ರವರೆಗೂ ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ. ಆದರೆ ಗಂಡನ ಕೈಗೆ ಬಳೆ ಬಿಚ್ಚಿಕೊಡುವಾಗ ಯಾವ ಹೆಂಡತಿ ರಸೀದಿ ಕೇಳುತ್ತಾಳೆ?

ಹೊರಗಿನ ಸಂಬಳವಿಲ್ಲದೆ ಮನೆ ನಡೆಸಿದ ಹೆಂಡತಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಡುಗೆಯೇ ಎಂದು 2023ರಲ್ಲಿ ಮದರಾಸು ಹೈಕೋರ್ಟ್, ಗಂಡ ಸೌದಿ ಅರೇಬಿಯದಲ್ಲಿ ದುಡಿದಿದ್ದ ಒಂದು ಪ್ರಕರಣದಲ್ಲಿ ಮನ್ನಿಸಿ, ಆಕೆಗೆ ಸಮಪಾಲು ಕೊಟ್ಟಿತು. ಬೆಳಕಿನಂಥ ತೀರ್ಪು. ಆದರೆ ಒಂದು ಹೈಕೋರ್ಟಿನ ಒಂದು ತೀರ್ಪು ಎಲ್ಲರ ಹಕ್ಕಾಗಲು ಶಾಸನ ಬೇಕು.

ಬೆಂಗಳೂರಿನ ಐಐಎಂ ಸಹಭಾಗಿತ್ವದಲ್ಲಿ 2010-11ರಲ್ಲಿ ಕರ್ನಾಟಕ, ಇಕ್ವೆಡಾರ್ ಮತ್ತು ಘಾನಾಗಳಲ್ಲಿ ಕುಟುಂಬದ ಆಸ್ತಿ ಯಾರ ಹೆಸರಲ್ಲಿದೆ ಎಂಬ ಸಮೀಕ್ಷೆ ನಡೆಯಿತು. ದಂಪತಿಗಳ ಒಟ್ಟು ಸಂಪತ್ತಿನಲ್ಲಿ ಹೆಂಡತಿಯ ಪಾಲು ಇಕ್ವೆಡಾರ್‌ನಲ್ಲಿ ಶೇ. 44, ಘಾನಾದಲ್ಲಿ ಶೇ. 19, ನಮ್ಮ ಕರ್ನಾಟಕದಲ್ಲಿ ಶೇ. 9. ಇಕ್ವೆಡಾರ್‌ನವರು ನಮಗಿಂತ ಹೆಚ್ಚು ಪ್ರೀತಿಸುವ ಗಂಡಂದಿರೆಂದು ಇದರ ಅರ್ಥವಲ್ಲ. ಮದುವೆಯ ನಂತರ ಯಾರೇ ಗಳಿಸಲಿ, ಅದು ಇಬ್ಬರದೂ ಎಂದು ಅಲ್ಲಿನ ಕಾನೂನು ಹೇಳುತ್ತದೆ. ಪಿತ್ರಾರ್ಜಿತವೂ ಅಲ್ಲಿ ಗಂಡು ಹೆಣ್ಣಿಗೆ ಸಮನಾಗಿ ಇಳಿಯುತ್ತದೆ.

5. ತವರಿನ ಬಾಗಿಲು ಮತ್ತು ಹಕ್ಕು ಬಿಡುಗಡೆ ಪತ್ರ

ತವರಿನ ಪಾಲು ಇದೆಯಲ್ಲ ಎಂದು ತಾವು ಕೇಳಬಹುದು. ಕಾಗದದ ಮೇಲೆ ಇದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳನ್ನು ಸಮಾನ ಹಕ್ಕುದಾರರನ್ನಾಗಿ ಮಾಡಿತು, ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹಾಗಿದ್ದೂ ಅಕ್ಕತಂಗಿಯರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅಣ್ಣತಮ್ಮಂದಿರ ಪರವಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. ಅರಿಶಿನ ಕುಂಕುಮಕ್ಕೆಂದು ಕೊಟ್ಟಷ್ಟು ತೆಗೆದುಕೊಂಡು ಬರುತ್ತಾರೆ.

ಕಾರಣ ಅಜ್ಞಾನ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಹಿ ಹಾಕಿದ ಅನೇಕ ಹೆಣ್ಣುಮಕ್ಕಳು ಕಾರಣವನ್ನು ನನಗೆ ಸ್ಪಷ್ಟವಾಗಿ ಹೇಳಿದ್ದಾರೆ: ‘ನಾಳೆ ನನಗೇನಾದ್ರೂ ಆದ್ರೆ ಬರೋಕೆ ಅಣ್ಣನ ಮನೆ ಅಂತ ಒಂದು ಬೇಕಲ್ಲ?’ ಗಂಡನ ಮನೆಯಲ್ಲಿ ಕಾನೂನು ಪಾಲು ಕೊಟ್ಟಿಲ್ಲ. ಅಲ್ಲಿಂದ ಹೊರಗೆ ಬಿದ್ದರೆ ಅಣ್ಣನ ಕರುಣೆಯೊಂದೇ ದಾರಿ. ಆ ಕರುಣೆ ಉಳಿಯಲು ಈಗಲೇ ಪಾಲು ಬಿಡಬೇಕು. ಆಕೆ ಕಟ್ಟುತ್ತಿರುವುದು ವಿಮೆಯ ಕಂತು. ಆದರೆ ಈ ವಿಮೆಗೆ ಪಾಲಿಸಿ ಪತ್ರವಿಲ್ಲ, ಅತ್ತಿಗೆ ಮುಖ ಸಿಂಡರಿಸಿದರೆ ಅದು ಅಲ್ಲಿಗೇ ರದ್ದು. ಹೀಗೆ ಒಂದು ಕಾನೂನಿನ ಕೊರತೆ ಇನ್ನೊಂದು ಒಳ್ಳೆಯ ಕಾನೂನನ್ನು ನಿಷ್ಫಲ ಮಾಡುತ್ತದೆ. ದಾಂಪತ್ಯದ ಆಸ್ತಿಯಲ್ಲಿ ಪಾಲಿಲ್ಲದವಳು ಪಿತ್ರಾರ್ಜಿತದ ಪಾಲನ್ನೂ ಕಳೆದುಕೊಳ್ಳುತ್ತಾಳೆ.

ಆಸ್ತಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳದ ಸಾಕ್ಷಿ ಇದೆ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ತಿರುವನಂತಪುರ ಜಿಲ್ಲೆಯ ಹೆಂಗಸರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸ್ತಿಯೇ ಇಲ್ಲದವರಲ್ಲಿ ಶೇ. 49ರಷ್ಟು ಮಂದಿ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರು. ಜಮೀನಿದ್ದವರಲ್ಲಿ ಅದು ಶೇ. 18, ಸ್ವಂತ ಮನೆಯಿದ್ದವರಲ್ಲಿ ಶೇ. 10, ಎರಡೂ ಇದ್ದವರಲ್ಲಿ ಶೇ. 7. ಈ ಹೆಂಗಸರಲ್ಲಿ ಬಹುಪಾಲು ಜನ ಗಂಡನನ್ನು ಬಿಟ್ಟುಹೋದವರಲ್ಲ. ವಕೀಲರು, ನ್ಯಾಯಾಧೀಶರು ಯಾರೂ ಇಲ್ಲದೆ, ಒಂದು ಹಕ್ಕುಪತ್ರ ಇಷ್ಟು ಕೆಲಸ ಮಾಡಿತ್ತು.

6. ಒಂದು ಸಹಿಯ ಬೆಲೆ

ಗಂಡಸರ ಅಳಲೂ ನನಗೆ ಗೊತ್ತು, ಅವರ ಪರವಾಗಿಯೂ ವಾದಿಸಿದ್ದೇನೆ. ಸತ್ತುಹೋದ ಸಂಬಂಧದಿಂದ ಹೊರಬರಲಾಗದೆ ವರ್ಷಗಟ್ಟಲೆ ದಿನಾಂಕದಿಂದ ದಿನಾಂಕಕ್ಕೆ ಅಲೆಯುವ ಯುವಕರನ್ನು, ವಾರಕ್ಕೊಮ್ಮೆ ಮಗುವಿನ ಮುಖ ನೋಡಲು ಕಾಯುವ ತಂದೆಯರನ್ನು ಕಂಡಿದ್ದೇನೆ. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು. ಆದರೆ ಒಪ್ಪಿಗೆ ತೀರ್ಪಿನವರೆಗೂ ಉಳಿಯಬೇಕು ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಸಹಿಗೇ ಬೆಲೆ ಬಂತು. ಯಾರಿಗೆ ಅವಸರವಿದೆಯೋ ಅವರು ತೆರಬೇಕು. ಅವಸರ ಗಂಡನಿಗಿದ್ದರೆ ಆತ ಕೇಳಿದಷ್ಟು ಕೊಡುತ್ತಾನೆ. ಹೆಂಡತಿಗಿದ್ದರೆ ಆಕೆ ಬಾಕಿ ಜೀವನಾಂಶವನ್ನೂ ಒಡವೆಯನ್ನೂ ಬಿಟ್ಟು, ‘ಮಗು ನನ್ನ ಹತ್ರ ಇದ್ರೆ ಸಾಕು’ ಎಂದು ಸಹಿ ಹಾಕುತ್ತಾಳೆ. ಮಧ್ಯಸ್ಥಿಕೆಯ ಕೊಠಡಿಯಲ್ಲಿ ಇದನ್ನು ಒನ್ ಟೈಮ್ ಸೆಟ್ಲ್‌ಮೆಂಟ್ ಎನ್ನುತ್ತಾರೆ. ಪಾಲು ಎಷ್ಟೆಂದು ಕಾನೂನೇ ಹೇಳಿದ್ದರೆ ಅಲ್ಲಿ ಇಷ್ಟು ಜಗ್ಗಾಟವೂ ಸುಳ್ಳು ಆಪಾದನೆಗಳೂ ಬೇಕಾಗುತ್ತಿರಲಿಲ್ಲ. ಪಾಲಿನ ಹಕ್ಕು ಗಂಡಸರಿಗೂ ಉಪಕಾರವೇ ಎಂದು ನಾನು ನಂಬಿರುವುದು ಈ ಅನುಭವದಿಂದ.

ಮುರಿದುಬಿದ್ದ ಮದುವೆಯನ್ನೇ ವಿಚ್ಛೇದನಕ್ಕೆ ಕಾರಣವಾಗಿ ಒಪ್ಪಬೇಕೆಂದು ಕಾನೂನು ಆಯೋಗ ತನ್ನ 71ನೆಯ ವರದಿಯಲ್ಲಿ 1978ರಲ್ಲೇ ಹೇಳಿತ್ತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ಕಾರಣಕ್ಕೆ ವಿಚ್ಛೇದನ ಕೊಡಬಹುದೆಂದಿತು, ಆದರೆ 142ನೆಯ ವಿಧಿಯ ಅಧಿಕಾರವಿರುವ ಸುಪ್ರೀಂ ಕೋರ್ಟ್ ಮಾತ್ರ. ಕೊಪ್ಪಳದ ಕೂಲಿಕಾರ ದಂಪತಿ ದೆಹಲಿಯವರೆಗೆ ಹೋಗುವುದು ಹೇಗೆ?

ಹೋಗಲಾರದವರು ಏನು ಮಾಡುತ್ತಾರೆ ಎಂಬುದನ್ನು 2011ರ ಜನಗಣತಿ ತೋರಿಸುತ್ತದೆ. ದೇಶದಲ್ಲಿ ವಿಚ್ಛೇದಿತರೆಂದು ಬರೆಸಿದವರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆ ಬೇರೆ ಇರುವವರು ಅದರ ಸುಮಾರು ಎರಡೂವರೆ ಪಟ್ಟು. ಎರಡು ಗುಂಪಿನಲ್ಲೂ ಹೆಂಗಸರೇ ಹೆಚ್ಚು. ನಮ್ಮಲ್ಲಿ ವಿಚ್ಛೇದನ ಕಡಿಮೆ ಎಂದು ಹೆಮ್ಮೆಪಡುವವರು ಈ ಎರಡನೆಯ ಅಂಕಿಯನ್ನೂ ನೋಡಬೇಕು. ಅವರಿಗೆ ಸಂಸಾರವೂ ಇಲ್ಲ, ಬಿಡುಗಡೆಯೂ ಇಲ್ಲ.

7. ಏನು ಮಾಡಬೇಕು

ದೂರದ ಇಕ್ವೆಡಾರ್‌ವರೆಗೆ ಹೋಗುವುದೇ ಬೇಡ. ಕಾರವಾರದಾಚೆ ಮಾಜಾಳಿಯ ಗಡಿ ದಾಟಿದರೆ ಗೋವಾ. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಕುಟುಂಬ ಕಾನೂನು ಇನ್ನೂ ಜಾರಿಯಲ್ಲಿದೆ. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ದಂಪತಿಯ ಆಸ್ತಿ ಇಬ್ಬರಿಗೂ ಅರ್ಧರ್ಧ. ಇಬ್ಬರ ಒಪ್ಪಿಗೆಯಿಲ್ಲದೆ ಸ್ಥಿರಾಸ್ತಿ ಮಾರುವಂತಿಲ್ಲ. ಆಸ್ತಿಯ ಆಡಳಿತದಲ್ಲಿ ಗಂಡನಿಗೆ ಮೇಲುಗೈ ಕೊಟ್ಟಿರುವ ದೋಷ ಅದರಲ್ಲಿದೆ, ಅದನ್ನು ನಾವು ಅನುಕರಿಸಬೇಕಿಲ್ಲ. ಆದರೆ ಅರ್ಧ ಪಾಲಿನ ಕಾನೂನಿನಿಂದ ಭಾರತೀಯ ಕುಟುಂಬ ಕೆಟ್ಟುಹೋಗುತ್ತದೆ ಎನ್ನುವವರು ಗಡಿಯಾಚೆಯ ನೆಂಟರ ಮನೆಗೆ ಹೋಗಿ ನೋಡಲಿ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ನಮ್ಮ ಕನ್ನಡಿಗ ಸಾಫ್ಟ್‌ವೇರ್ ದಂಪತಿಗಳೂ ಇಂಥ ಕಾನೂನಿನಡಿಯಲ್ಲೇ ಬಾಳುತ್ತಿದ್ದಾರೆ.

ಕೇಂದ್ರ ಸರ್ಕಾರ ಒಮ್ಮೆ ಪ್ರಯತ್ನಿಸಿತು. ಮುರಿದ ಮದುವೆಗೆ ವಿಚ್ಛೇದನ, ಜೊತೆಗೆ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಮಸೂದೆಯನ್ನು ರಾಜ್ಯಸಭೆ 2013ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಲೋಕಸಭೆಯಲ್ಲಿ ಅದು ನನೆಗುದಿಗೆ ಬಿದ್ದು, ಸದನದ ಅವಧಿಯೊಂದಿಗೆ ಬಿದ್ದುಹೋಯಿತು. ಪಿತ್ರಾರ್ಜಿತವನ್ನೂ ಎಳೆತಂದದ್ದು, ಹೆಂಡತಿಗೆ ಮಾತ್ರ ಹಕ್ಕು ಕೊಟ್ಟದ್ದು ಆಗ ಬಂದ ಆಕ್ಷೇಪಗಳು. ನನ್ನ ಸಲಹೆ ಸರಳ. ಪಿತ್ರಾರ್ಜಿತ ಅವರವರಿಗೇ ಇರಲಿ. ಮದುವೆಯ ನಂತರ ಇಬ್ಬರಲ್ಲಿ ಯಾರೇ ಗಳಿಸಿದ ಮನೆ, ಜಮೀನು, ಟ್ರ್ಯಾಕ್ಟರ್, ಠೇವಣಿ, ಭವಿಷ್ಯ ನಿಧಿ ಇಬ್ಬರದೂ ಆಗಲಿ. ಸಂಸಾರಕ್ಕಾಗಿ ಮಾಡಿದ ಸಾಲವೂ ಇಬ್ಬರದೇ. ಹೆಂಡತಿ ಹೆಚ್ಚು ಗಳಿಸಿದ್ದರೆ ಗಂಡನಿಗೂ ಅದೇ ಹಕ್ಕು. ಅದಾದ ಮೇಲೆ, ಮುರಿದ ಮದುವೆಯಿಂದ ಹೊರಬರುವ ದಾರಿಯನ್ನು ಜಿಲ್ಲೆಯ ಕುಟುಂಬ ನ್ಯಾಯಾಲಯಕ್ಕೇ ಕೊಡಲಿ.

ಶಾಸನಕ್ಕಾಗಿ ಕಾಯದೆ ಮಾಡಬಹುದಾದದ್ದೂ ಇದೆ. ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಮನೆ ಹೆಂಗಸಿನ ಹೆಸರಿಗೆ ಇಲ್ಲವೇ ಜಂಟಿಯಾಗಿ ಆಗಬೇಕೆಂಬ ನಿಯಮವಿದೆ. ಬಡವರಿಗೆ ಸಾಧ್ಯವಾದದ್ದು ಮಧ್ಯಮ ವರ್ಗಕ್ಕೆ ಏಕೆ ಸಾಧ್ಯವಿಲ್ಲ? ಈ ಸಭೆಯಲ್ಲಿರುವ ಯುವಕ ಯುವತಿಯರಲ್ಲಿ ನನ್ನ ವಿನಂತಿ ಇದು. ನಾಳೆ ನೀವು ಮದುವೆಯಾಗಿ ಸೈಟು ಕೊಂಡಾಗ, ಮನೆ ಕಟ್ಟಿದಾಗ, ಸಬ್ ರಿಜಿಸ್ಟ್ರಾರ್ ಮುಂದೆ ಇಬ್ಬರೂ ಕೂತು ಇಬ್ಬರ ಹೆಸರಿಗೂ ಬರೆಸಿಕೊಳ್ಳಿ. ತಂಗಿಯ ಕೈಗೆ ಹಕ್ಕು ಬಿಡುಗಡೆ ಪತ್ರ ಕೊಡುವ ಮುನ್ನ ಅಣ್ಣಂದಿರು ಒಮ್ಮೆ ಯೋಚಿಸಿ. ಅಪನಂಬಿಕೆಯಿಂದ ಇದನ್ನು ಮಾಡಬೇಡಿ, ನಂಬಿಕೆಯಿಂದಲೇ ಮಾಡಿ. ಹೋಗಲು ದಾರಿಯಿದ್ದೂ ಜೊತೆಗಿರುವ ಇಬ್ಬರ ಸಂಸಾರವೇ ಗಟ್ಟಿಯಾದ ಸಂಸಾರ. ಅಂಥ ಸಂಸಾರಗಳನ್ನು ಕಟ್ಟುವ ಕಾನೂನನ್ನು ನಾವು ನಮ್ಮ ಶಾಸಕರಿಂದ, ಸಂಸದರಿಂದ ಕೇಳಿ ಪಡೆಯಬೇಕು.